ಬಿಸಿಲು, ಪ್ರಸಾದ, ಪುಡಿಯ ಪೊಟ್ಟಣ: ಕಾಲೇಜು ಕ್ರೀಡಾಪಟುಗಳಿಗೆ ವಿಟಮಿನ್ ಡಿ ಎಷ್ಟು ಬೇಕು?



ಅಂತರ ಕಾಲೇಜು ಪಂದ್ಯಾವಳಿಗಳು ಸಮೀಪಿಸಿದಾಗ ಪ್ರಸಾದನಿಲಯದ ವಿದ್ಯಾರ್ಥಿಗಳೂ ಅವರ ಪಾಲಕರೂ ನಮ್ಮಲ್ಲಿ ಕೆಲವು ಪ್ರಶ್ನೆಗಳನ್ನು ಕೇಳುವುದುಂಟು. ಕಬಡ್ಡಿ, ಕುಸ್ತಿ, ಓಟಗಳಲ್ಲಿ ತೊಡಗಿರುವ ಮಕ್ಕಳಿಗೆ ವಿಟಮಿನ್ ಡಿ ಪುಡಿ ಕೊಡಿಸಬೇಕೇ? ಜೊತೆಯ ಆಟಗಾರ ತೆಗೆದುಕೊಳ್ಳುತ್ತಿದ್ದಾನೆ, ನಮ್ಮ ಮಗ ಹಿಂದೆ ಬೀಳುವನೇ? ಮಾಂಸ, ಮೀನು ಮುಟ್ಟದ ಮನೆಯ ಮಕ್ಕಳ ಮೂಳೆಗೆ ಬಲ ಎಲ್ಲಿಂದ ಬರಬೇಕು? ಔಷಧದ ಅಂಗಡಿಯಲ್ಲಿ ಚೀಟಿಯಿಲ್ಲದೆ ಕೊಂಡ ಪೊಟ್ಟಣಗಳನ್ನು ದಿನಕ್ಕೊಂದರಂತೆ ಹಾಲಿಗೆ ಬೆರೆಸಿ ಕುಡಿಯುವ ಹುಡುಗರು ಒಂದೆಡೆ, ತಿಂಗಳುಗಟ್ಟಲೆ ಮೊಣಕಾಲ ಕೆಳಗಿನ ನೋವನ್ನು ನುಂಗಿಕೊಂಡು ಓಡುವ ಹುಡುಗಿಯರು ಇನ್ನೊಂದೆಡೆ. ಇಬ್ಬರಿಗೂ ಅಪಾಯವಿದೆ. ಆದುದರಿಂದ ಈ ವಿಷಯದಲ್ಲಿ ವೈದ್ಯವಿಜ್ಞಾನ ಇಂದು ಖಚಿತವಾಗಿ ಹೇಳುವುದೇನು ಎಂಬುದನ್ನು ಸರಳವಾಗಿ ಭಕ್ತರ ಮುಂದಿಡುವುದು ಉಚಿತವೆಂದು ಭಾವಿಸಿದ್ದೇವೆ.

ಕಾಯವನ್ನು ಕಡೆಗಣಿಸದ ಪರಂಪರೆ

ನಮ್ಮ ಶರಣ ಪರಂಪರೆ ದೇಹವನ್ನು ಹೀನವೆಂದು ದೂಡಿದ ಪರಂಪರೆಯಲ್ಲ. ಕಾಯವಿಲ್ಲದೆ ಕಾಯಕವಿಲ್ಲ, ಕಾಯಕವಿಲ್ಲದೆ ದಾಸೋಹವಿಲ್ಲ. ದೇಹವನ್ನೇ ದೇವರ ನೆಲೆಯೆಂದು ಕಂಡವರು ಅದನ್ನು ಉಪವಾಸದಿಂದ ಬಳಲಿಸುವುದನ್ನೂ ಭೋಗದಿಂದ ಕೆಡಿಸುವುದನ್ನೂ ಸಮಾನವಾಗಿ ಒಪ್ಪಲಿಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ಬಹುಮಂದಿ ತೆರೆದ ಬಯಲಿನಲ್ಲಿ ದುಡಿದವರು. ಅಂಬಿಗರ ಚೌಡಯ್ಯನವರು ದೋಣಿ ನಡೆಸಿದರು, ಮಡಿವಾಳ ಮಾಚಯ್ಯನವರು ನೀರದಂಡೆಯಲ್ಲಿ ಬಟ್ಟೆ ಒಗೆದರು, ಮೋಳಿಗೆಯ ಮಾರಯ್ಯನವರು ಕಾಡಿನಿಂದ ಕಟ್ಟಿಗೆ ಹೊತ್ತು ತಂದರು. ಅವರ ಮೈಮೇಲೆ ಬಿದ್ದ ಬಿಸಿಲು ಅವರಿಗೆ ಅರಿವಿಲ್ಲದೆಯೇ ಒಂದು ಪೋಷಕಾಂಶವನ್ನು ಕೊಡುತ್ತಿತ್ತು. ಇಂದು ಅದೇ ನಾಡಿನ ಮಕ್ಕಳು ತರಗತಿ, ಗ್ರಂಥಾಲಯ, ಒಳಾಂಗಣ ಕ್ರೀಡಾಂಗಣಗಳ ಸೂರಿನಡಿ ಹಗಲನ್ನು ಕಳೆಯುತ್ತಾರೆ. ನಾವು ಚರ್ಚಿಸುತ್ತಿರುವ ಕೊರತೆಯ ಬೇರು ಬಹುಮಟ್ಟಿಗೆ ಇಲ್ಲಿದೆ.

ದೇಹದಲ್ಲಿ ಇದರ ಕೆಲಸವೇನು?

ವಿಟಮಿನ್ ಡಿ ಉಳಿದ ಜೀವಸತ್ವಗಳಂತಲ್ಲ. ಇದರ ಮುಖ್ಯ ಮೂಲ ಆಹಾರವಲ್ಲ, ನಮ್ಮ ಚರ್ಮವೇ. ಸೂರ್ಯನ ಬೆಳಕಿನಲ್ಲಿರುವ ‘ಬಿ’ ವರ್ಗದ ಅತಿನೇರಳೆ ಕಿರಣಗಳು ಚರ್ಮದ ಮೇಲೆ ಬಿದ್ದಾಗ ಅಲ್ಲಿರುವ ಒಂದು ಬಗೆಯ ಕೊಬ್ಬಿನಂಥ ವಸ್ತು ವಿಟಮಿನ್ ಡಿ ಆಗಿ ಮಾರ್ಪಡುತ್ತದೆ. ಅದು ರಕ್ತದ ಮೂಲಕ ಯಕೃತ್ತಿಗೆ ಹೋಗಿ ಒಂದು ರೂಪವನ್ನೂ, ಅಲ್ಲಿಂದ ಮೂತ್ರಪಿಂಡಕ್ಕೆ ಹೋಗಿ ಕೆಲಸಕ್ಕೆ ಸಿದ್ಧವಾದ ಇನ್ನೊಂದು ರೂಪವನ್ನೂ ತಾಳುತ್ತದೆ. ರಕ್ತಪರೀಕ್ಷೆಯಲ್ಲಿ ಅಳೆಯುವುದು ಯಕೃತ್ತಿನಲ್ಲಿ ಆದ ರೂಪವನ್ನು.

ಇದರ ಮೊದಲ ಕೆಲಸ ಸುಣ್ಣದ ಅಂಶವನ್ನು, ಎಂದರೆ ಕ್ಯಾಲ್ಸಿಯಂ ಅನ್ನು, ಕರುಳು ಹೀರಿಕೊಳ್ಳುವಂತೆ ಮಾಡುವುದು. ವಿಟಮಿನ್ ಡಿ ಸಾಲದಿದ್ದಾಗ ನಾವು ಉಂಡ ಕ್ಯಾಲ್ಸಿಯಂನಲ್ಲಿ ಶೇ. 10ರಿಂದ 15ರಷ್ಟು ಮಾತ್ರ ದೇಹಕ್ಕೆ ಸೇರುತ್ತದೆ. ಸಾಕಷ್ಟಿದ್ದಾಗ ಅದು ಶೇ. 30ರಿಂದ 40ರವರೆಗೆ ಏರುತ್ತದೆ. ರಾಗಿ, ಹಾಲು ಎಷ್ಟೇ ಉಂಡರೂ ಬಾಗಿಲು ತೆರೆಯುವವರಿಲ್ಲದಿದ್ದರೆ ಬಂದ ಅತಿಥಿ ಹೊರಗೇ ನಿಲ್ಲುವಂತೆ. ರಕ್ತದಲ್ಲಿ ಕ್ಯಾಲ್ಸಿಯಂ ಕಡಿಮೆಯಾದರೆ ದೇಹ ಅದನ್ನು ಮೂಳೆಯಿಂದ ಕಿತ್ತುಕೊಳ್ಳುತ್ತದೆ. ಎಳೆಯ ಮಕ್ಕಳಲ್ಲಿ ಇದು ಕಾಲು ಬಾಗುವ ರಿಕೆಟ್ಸ್ ರೋಗವಾಗಿಯೂ, ಬೆಳೆದವರಲ್ಲಿ ಮೂಳೆ ಮೆದುವಾಗಿ ಮೈಕೈ ನೋಯುವ ಸ್ಥಿತಿಯಾಗಿಯೂ ತೋರುತ್ತದೆ.

ಸ್ನಾಯುವಿಗೂ ಇದರ ಸಂಬಂಧವಿದೆ. ತೀವ್ರ ಕೊರತೆಯಿರುವವರಲ್ಲಿ ತೊಡೆ, ಭುಜಗಳ ಸ್ನಾಯು ಸೋಲುತ್ತದೆ. ಕುಳಿತಲ್ಲಿಂದ ಏಳುವುದು, ಮೆಟ್ಟಿಲು ಹತ್ತುವುದು ಕಷ್ಟವಾಗುತ್ತದೆ. ಒಮ್ಮೆಗೇ ಚಿಮ್ಮಿ ಓಡಲು, ಜಿಗಿಯಲು ನೆರವಾಗುವ ಸ್ನಾಯುತಂತುಗಳು ಇದರಿಂದ ಹೆಚ್ಚು ಬಾಧೆಗೊಳ್ಳುತ್ತವೆ. ಕ್ರೀಡಾಪಟುಗಳು ಈ ವಿಷಯದಲ್ಲಿ ಆಸಕ್ತರಾಗಿರುವುದಕ್ಕೆ ಇದೇ ಕಾರಣ.

ಬಿಸಿಲ ನಾಡಿನಲ್ಲಿ ಕೊರತೆ ಏಕೆ?

ಅಮೆರಿಕದ ವಯೋಮಿಂಗ್ ವಿಶ್ವವಿದ್ಯಾಲಯದ 41 ಕ್ರೀಡಾಪಟುಗಳನ್ನು ಒಂದು ಶೈಕ್ಷಣಿಕ ವರ್ಷವಿಡೀ ಪರೀಕ್ಷಿಸಿದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಶರತ್ಕಾಲದಲ್ಲಿ ಸುಮಾರು ಶೇ. 12ರಷ್ಟು ಮಂದಿಯಲ್ಲಿದ್ದ ಕೊರತೆ ಚಳಿಗಾಲದಲ್ಲಿ ಶೇ. 64ಕ್ಕೆ ಏರಿ, ವಸಂತದಲ್ಲಿ ಶೇ. 20ಕ್ಕೆ ಇಳಿದಿತ್ತು. ಒಳಾಂಗಣದ ಆಟಗಾರರಲ್ಲಿ ಶರತ್ಕಾಲದಲ್ಲೇ ಮಟ್ಟ ಕಡಿಮೆಯಿತ್ತು. ಅಂಥ ಉತ್ತರದ ನಾಡುಗಳಲ್ಲಿ ಚಳಿಗಾಲದ ಸೂರ್ಯ ಅಷ್ಟು ಕೆಳಗಿರುವುದರಿಂದ ಬೇಕಾದ ಕಿರಣಗಳು ನೆಲವನ್ನೇ ಮುಟ್ಟುವುದಿಲ್ಲ.

ಕರ್ನಾಟಕಕ್ಕೆ ಆ ತೊಂದರೆಯಿಲ್ಲ. ನಮ್ಮ ನಾಡು ಸುಮಾರು ಹನ್ನೊಂದೂವರೆಯಿಂದ ಹದಿನೆಂಟೂವರೆ ಡಿಗ್ರಿ ಉತ್ತರ ಅಕ್ಷಾಂಶಗಳ ನಡುವೆ ಇದೆ. ವರ್ಷದ ಎಲ್ಲ ತಿಂಗಳುಗಳಲ್ಲೂ ನಡುಹಗಲಿನ ಬಿಸಿಲಿಗೆ ಈ ಶಕ್ತಿಯಿದೆ. ಆದರೂ ಕೊರತೆಯಿದೆ. ಕೇಂದ್ರ ಆರೋಗ್ಯ ಸಚಿವಾಲಯ 2016ರಿಂದ 2018ರವರೆಗೆ ನಡೆಸಿದ ರಾಷ್ಟ್ರೀಯ ಸಮಗ್ರ ಪೋಷಣಾ ಸಮೀಕ್ಷೆಯಲ್ಲಿ 10ರಿಂದ 19 ವರ್ಷದ ಹದಿಹರೆಯದವರಲ್ಲಿ ಶೇ. 24ರಷ್ಟು ಮಂದಿಗೆ ವಿಟಮಿನ್ ಡಿ ಕೊರತೆಯಿರುವುದು ಕಂಡುಬಂದಿತು. ಕಾಲೇಜಿಗೆ ಕಾಲಿಡುವ ನಾಲ್ವರಲ್ಲಿ ಒಬ್ಬರು ಕೊರತೆಯೊಂದಿಗೇ ಬರುತ್ತಿರಬಹುದೆಂದು ಇದರಿಂದ ಊಹಿಸಬಹುದು.

ಕಾರಣಗಳು ಹಲವು. ಕಪ್ಪು ಅಥವಾ ಗೋಧಿ ಬಣ್ಣದ ಚರ್ಮದಲ್ಲಿರುವ ವರ್ಣದ್ರವ್ಯ ಕಿರಣಗಳನ್ನು ತಡೆಯುವುದರಿಂದ ನಮಗೆ ಬಿಳಿಯರಿಗಿಂತ ಹೆಚ್ಚು ಹೊತ್ತು ಬಿಸಿಲು ಬೇಕು. ಮೈತುಂಬ ಉಡುಪು ಧರಿಸುವುದು ನಮ್ಮ ರೂಢಿ. ನಗರದ ಹೊಗೆ, ಧೂಳು ಕಿರಣಗಳನ್ನು ತಗ್ಗಿಸುತ್ತವೆ. ಕಿಟಕಿಯ ಗಾಜು ಅವುಗಳನ್ನು ತಡೆದೇಬಿಡುತ್ತದೆ. ಗಾಜಿನ ಹಿಂದೆ ಕುಳಿತು ಕಾಯಿಸಿಕೊಂಡ ಬಿಸಿಲಿನಿಂದ ಬೆಚ್ಚಗಾಗಬಹುದೇ ಹೊರತು ವಿಟಮಿನ್ ಡಿ ದೊರೆಯದು. ಮಲೆನಾಡಿನಲ್ಲಿ ಮಳೆಗಾಲದ ತಿಂಗಳುಗಳು ಮೋಡದಲ್ಲೇ ಕಳೆಯುತ್ತವೆ. ಇನ್ನು ಕ್ರೀಡಾಪಟುಗಳನ್ನು ನೋಡಿದರೆ, ಕುಸ್ತಿಯ ಹುಡುಗರ ತಾಲೀಮು ಗರಡಿಮನೆಯ ಸೂರಿನಡಿ. ಕಬಡ್ಡಿ ಇಂದು ಮ್ಯಾಟಿನ ಮೇಲೆ, ಹಲವೆಡೆ ಒಳಾಂಗಣದಲ್ಲಿ. ಬ್ಯಾಡ್ಮಿಂಟನ್, ಟೇಬಲ್ ಟೆನಿಸ್ ಸದಾ ಒಳಗೆ. ಓಟಗಾರರು ಬಯಲಿನಲ್ಲಿದ್ದರೂ ಅವರ ಅಭ್ಯಾಸ ಸೂರ್ಯೋದಯದ ಹೊತ್ತಿಗೆ, ಇಲ್ಲವೇ ಸಂಜೆ ಐದರ ಮೇಲೆ.

ಎಳೆಬಿಸಿಲಿನ ನಂಬಿಕೆ

ಮುಂಜಾನೆಯ ಎಳೆಬಿಸಿಲೇ ವಿಟಮಿನ್ ಡಿಗೆ ಒಳ್ಳೆಯದೆಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಮುಂಜಾನೆ ಏಳುವುದು, ನಡೆಯುವುದು, ಪೂಜೆಗೆ ಕೂರುವುದು ಎಲ್ಲವೂ ಮನಸ್ಸಿಗೂ ಮೈಗೂ ಹಿತಕರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ವಿಟಮಿನ್ ಡಿ ವಿಷಯದಲ್ಲಿ ಈ ನಂಬಿಕೆ ಸರಿಯಲ್ಲ. ಸೂರ್ಯ ದಿಗಂತದ ಹತ್ತಿರವಿದ್ದಾಗ ಅವನ ಕಿರಣಗಳು ವಾತಾವರಣದ ದಟ್ಟ ಪದರವನ್ನು ಓರೆಯಾಗಿ ದಾಟಿ ಬರಬೇಕು. ಬೆಳಕೂ ಶಾಖವೂ ಬರುತ್ತವೆ. ನಮಗೆ ಬೇಕಾದ ‘ಬಿ’ ಕಿರಣಗಳು ಬಹುಪಾಲು ದಾರಿಯಲ್ಲೇ ಹೀರಲ್ಪಡುತ್ತವೆ. ನೆರೆಯ ತಿರುಪತಿಯಲ್ಲಿ ನಡೆದ ಅಧ್ಯಯನಗಳು ಬೆಳಗಿನ 11ರಿಂದ ಮಧ್ಯಾಹ್ನ 2ರವರೆಗಿನ ಬಿಸಿಲೇ ಇದಕ್ಕೆ ಹೆಚ್ಚು ಫಲಕಾರಿ ಎಂದು ತೋರಿಸಿವೆ.

ನೆನಪಿಡಲು ಸುಲಭವಾದ ಲಕ್ಷಣ ಒಂದಿದೆ. ಬಯಲಲ್ಲಿ ನಿಂತಾಗ ನಿಮ್ಮ ನೆರಳು ನಿಮ್ಮ ಎತ್ತರಕ್ಕಿಂತ ಉದ್ದವಾಗಿದ್ದರೆ ಆ ಬಿಸಿಲಿನಿಂದ ವಿಟಮಿನ್ ಡಿ ಅಷ್ಟಾಗಿ ಸಿಗದು, ಗಿಡ್ಡವಾಗಿದ್ದರೆ ಸಿಗುತ್ತದೆ. ಹಾಗೆಂದು ಉರಿಬಿಸಿಲಿನಲ್ಲಿ ಗಂಟೆಗಟ್ಟಲೆ ಅಭ್ಯಾಸ ಮಾಡಬೇಕೆಂದಲ್ಲ. ಬೇಸಿಗೆಯಲ್ಲಿ ಕಲಬುರಗಿ, ರಾಯಚೂರುಗಳ ಮಧ್ಯಾಹ್ನದ ಬಿಸಿಲು ಪ್ರಾಣಕ್ಕೇ ಎರವಾಗಬಲ್ಲುದು. ಕಠಿಣ ತಾಲೀಮು ತಂಪು ಹೊತ್ತಿನಲ್ಲೇ ನಡೆಯಲಿ. ವಾರದಲ್ಲಿ ಕೆಲವು ದಿನ ಹತ್ತೂವರೆ ಹನ್ನೊಂದರ ಹೊತ್ತಿಗೆ ತೋಳು, ಕಾಲುಗಳನ್ನು ತೆರೆದು ಬಯಲಲ್ಲಿ ಲಘುವಾದ ಅಂಗಸಾಧನೆ ಮಾಡಲಿ. ಚರ್ಮ ಕೆಂಪಾಗುವ ಅಥವಾ ಉರಿಯುವ ಮುನ್ನವೇ ನೆರಳಿಗೆ ಬರಲಿ. ಬಿಸಿಲಿನಿಂದ ವಿಟಮಿನ್ ಡಿ ವಿಷವಾಗುವುದಿಲ್ಲ. ಹೆಚ್ಚಾದದ್ದನ್ನು ಚರ್ಮವೇ ಒಡೆದುಹಾಕುತ್ತದೆ. ಈ ಕಾವಲು ಪುಡಿಗೂ ಗುಳಿಗೆಗೂ ಇಲ್ಲವೆಂಬುದನ್ನು ಮರೆಯಬಾರದು.

ಅಧ್ಯಯನಗಳು ಹೇಳುವುದೇನು?

ವಿಟಮಿನ್ ಡಿ ಪುಡಿ ಸೇವಿಸಿದರೆ ಆಟ ಸುಧಾರಿಸುವುದೇ? ಇಂಗ್ಲೆಂಡಿನ ಲಿವರ್‌ಪೂಲ್‌ನ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಎರಡು ಅಧ್ಯಯನಗಳು ಇದಕ್ಕೆ ಎರಡು ಉತ್ತರಗಳನ್ನು ಕೊಟ್ಟಂತೆ ತೋರುತ್ತವೆ. ಮೊದಲನೆಯದರಲ್ಲಿ, ದಿನಕ್ಕೆ 5,000 ಐ.ಯು. ಪ್ರಮಾಣವನ್ನು ಎಂಟು ವಾರ ತೆಗೆದುಕೊಂಡ ಆಟಗಾರರ 10 ಮೀಟರ್ ಓಟವೂ ನಿಂತಲ್ಲಿಂದ ಮೇಲಕ್ಕೆ ಜಿಗಿಯುವ ಎತ್ತರವೂ ಸುಧಾರಿಸಿದವು. ಆದರೆ ಆ ಪ್ರಯೋಗದಲ್ಲಿದ್ದವರು ಕೇವಲ ಹತ್ತು ಮಂದಿ. ಎರಡನೆಯದರಲ್ಲಿ 30 ಮಂದಿಗೆ ವಾರಕ್ಕೆ 20,000 ಅಥವಾ 40,000 ಐ.ಯು. ಇಲ್ಲವೇ ಔಷಧವಿಲ್ಲದ ಹುಸಿ ಗುಳಿಗೆಯನ್ನು ಹನ್ನೆರಡು ವಾರ ಕೊಡಲಾಯಿತು. ರಕ್ತದಲ್ಲಿ ವಿಟಮಿನ್ ಡಿ ಮಟ್ಟ ಏರಿತು. ಓಟ, ಜಿಗಿತ, ಭಾರ ಎತ್ತುವಿಕೆಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಇಂಥ ಅಧ್ಯಯನಗಳನ್ನು ಒಟ್ಟಾಗಿ ನೋಡಿದಾಗ ತಿಳಿಯುವುದಿಷ್ಟು: ನಿಜವಾದ ಕೊರತೆಯಿರುವವನಿಗೆ ಅದನ್ನು ತುಂಬಿಕೊಟ್ಟರೆ ಉಪಯೋಗವಾಗಬಹುದು; ಕೊರತೆಯಿಲ್ಲದವನು ಮತ್ತಷ್ಟು ಸೇವಿಸಿದರೆ ಹೆಚ್ಚು ವೇಗವಾಗಿ ಓಡುತ್ತಾನೆ ಎಂಬುದಕ್ಕೆ ಆಧಾರವಿಲ್ಲ. ತುಂಬಿದ ಕೊಡಕ್ಕೆ ಮತ್ತೆ ನೀರೆರೆದರೆ ಹೊರಗೆ ಚೆಲ್ಲುತ್ತದಷ್ಟೆ.

ಮೂಳೆಯ ವಿಷಯದಲ್ಲಿ ಸಾಕ್ಷ್ಯ ಸ್ವಲ್ಪ ಗಟ್ಟಿಯಾಗಿದೆ. ಓಟಗಾರರಿಗೂ ಸೈನ್ಯಕ್ಕೆ ಹೊಸದಾಗಿ ಸೇರಿದವರಿಗೂ ಒಂದೇ ಜಾಗದಲ್ಲಿ ಮೇಲಿಂದ ಮೇಲೆ ಒತ್ತಡ ಬಿದ್ದು ಮೂಳೆಯಲ್ಲಿ ಕೂದಲೆಳೆಯಂಥ ಬಿರುಕು ಮೂಡುವುದುಂಟು. ಇದನ್ನು ಸ್ಟ್ರೆಸ್ ಫ್ರಾಕ್ಚರ್ ಎನ್ನುತ್ತಾರೆ. ಅಮೆರಿಕದ ನೌಕಾಪಡೆಗೆ ಸೇರಿದ 5,201 ಯುವತಿಯರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಎಂಟು ವಾರಗಳ ತರಬೇತಿಯ ಅವಧಿಯಲ್ಲಿ ದಿನಕ್ಕೆ 2,000 ಮಿ.ಗ್ರಾಂ ಕ್ಯಾಲ್ಸಿಯಂ ಮತ್ತು 800 ಐ.ಯು. ವಿಟಮಿನ್ ಡಿ ಪಡೆದವರಲ್ಲಿ ಇಂಥ ಬಿರುಕುಗಳು ಸುಮಾರು ಶೇ. 20ರಷ್ಟು ಕಡಿಮೆಯಾದವು. ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಕೊಟ್ಟ ವಿಟಮಿನ್ ಡಿ ಪ್ರಮಾಣ ಮಿತವಾದದ್ದು. ಮತ್ತು ಅದು ಕ್ಯಾಲ್ಸಿಯಂ ಜೊತೆಗೂಡಿ ಕೆಲಸ ಮಾಡಿತು. ಇದಕ್ಕೆ ಎದುರಾಗಿ, ಅಮೆರಿಕದ ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ನಡುವಯಸ್ಸು ದಾಟಿದವರಿಗೆ ದಿನಕ್ಕೆ 2,000 ಐ.ಯು. ವಿಟಮಿನ್ ಡಿ ಮಾತ್ರ ಕೊಟ್ಟ ಪ್ರಯೋಗದ ಫಲಿತಾಂಶ 2022ರಲ್ಲಿ ಬಂದಾಗ, ಮೂಳೆಮುರಿತ ಕಡಿಮೆಯಾಗಿರಲಿಲ್ಲ. ಅವರಲ್ಲಿ ಬಹುಪಾಲು ಮಂದಿಗೆ ಮೊದಲೇ ಕೊರತೆಯಿರಲಿಲ್ಲ.

ರಕ್ತಪರೀಕ್ಷೆಯ ಅಂಕಿಗಳು

ಒಂದೇ ಕೊಠಡಿಯ ಇಬ್ಬರು ವಿದ್ಯಾರ್ಥಿಗಳು ತಮ್ಮ ವರದಿಗಳನ್ನು ಹೋಲಿಸಿ ಗೊಂದಲಕ್ಕೀಡಾಗುವುದುಂಟು. ಒಬ್ಬನ ವರದಿಯಲ್ಲಿ 22 ಎಂದಿದ್ದು ಸಾಕಷ್ಟಿದೆ ಎನ್ನಲಾಗಿರುತ್ತದೆ. ಇನ್ನೊಬ್ಬನಿಗೂ ಅದೇ 22, ಆದರೆ ಅದರ ಮುಂದೆ ಕೊರತೆ ಎಂದು ಮುದ್ರಿತವಾಗಿರುತ್ತದೆ. ಪ್ರಯೋಗಾಲಯಗಳು ಬೇರೆಬೇರೆ ಮಾನದಂಡ ಬಳಸುವುದೇ ಇದಕ್ಕೆ ಕಾರಣ. ಅಮೆರಿಕದ ವೈದ್ಯಕೀಯ ಸಂಸ್ಥೆ 2011ರಲ್ಲಿ ಒಂದು ಮಿಲಿಲೀಟರ್ ರಕ್ತದ್ರವದಲ್ಲಿ 20 ನ್ಯಾನೋಗ್ರಾಂ ಇದ್ದರೆ ಬಹುತೇಕ ಎಲ್ಲರಿಗೂ ಸಾಕೆಂದು ಹೇಳಿತು. ಅದೇ ವರ್ಷ ಅಲ್ಲಿನ ಅಂತಃಸ್ರಾವ ತಜ್ಞರ ಸಂಘ 30 ಇರಬೇಕೆಂದಿತು. ಅನೇಕ ಪ್ರಯೋಗಾಲಯಗಳು ಈ ಎರಡನೆಯದನ್ನೇ ಹಿಡಿದುಕೊಂಡವು. ಆ ಸಂಘವೇ 2024ರ ತನ್ನ ಹೊಸ ಮಾರ್ಗಸೂಚಿಯಲ್ಲಿ 30ರ ಗೆರೆಯನ್ನು ಕೈಬಿಟ್ಟಿದೆ. ಆರೋಗ್ಯವಂತ ವಯಸ್ಕರೆಲ್ಲರಿಗೂ ವಾಡಿಕೆಯಂತೆ ಈ ಪರೀಕ್ಷೆ ಮಾಡಿಸುವ ಅಗತ್ಯವಿಲ್ಲವೆಂದೂ ಹೇಳಿದೆ.

ಆದುದರಿಂದ ವರದಿಯ ದಪ್ಪಕ್ಷರಗಳನ್ನು ನೋಡಿ ಗಾಬರಿಯಾಗಬೇಕಿಲ್ಲ. 12ಕ್ಕಿಂತ ಕಡಿಮೆಯಿದ್ದರೆ ಅದು ಸ್ಪಷ್ಟವಾದ ಕೊರತೆ, ಚಿಕಿತ್ಸೆ ಬೇಕು. 12ರಿಂದ 20ರ ನಡುವೆ ಇದ್ದರೆ ವೈದ್ಯರು ಆಹಾರ, ಬಿಸಿಲು, ನೋವುಗಳ ಇತಿಹಾಸ ಎಲ್ಲವನ್ನೂ ಕೇಳಿ ನಿರ್ಧರಿಸುತ್ತಾರೆ. ಪದೇಪದೇ ಮೂಳೆನೋವು, ಒಮ್ಮೆಯಾದರೂ ಬಿರುಕು, ಸದಾ ಒಳಾಂಗಣದ ಅಭ್ಯಾಸ, ಇಂಥವು ಇರುವ ಕ್ರೀಡಾಪಟುವಿಗೆ ಪರೀಕ್ಷೆ ಮಾಡಿಸುವುದರಲ್ಲಿ ಅರ್ಥವಿದೆ.

ಎಷ್ಟು ಬೇಕು, ಎಷ್ಟಾದರೆ ಹೆಚ್ಚು?

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಶಿಫಾರಸಿನಂತೆ ವಯಸ್ಕರಿಗೆ ದಿನಕ್ಕೆ 600 ಐ.ಯು. ವಿಟಮಿನ್ ಡಿ ಸಾಕು. ಇದು 15 ಮೈಕ್ರೋಗ್ರಾಂಗೆ ಸಮ. ವೈದ್ಯರ ಸಲಹೆಯಿಲ್ಲದೆ ದಿನಕ್ಕೆ 4,000 ಐ.ಯು. ಮೀರಬಾರದೆಂಬುದು ಸುರಕ್ಷತೆಯ ಮೇಲ್ಮಿತಿ.

ನಮ್ಮ ಔಷಧ ಅಂಗಡಿಗಳಲ್ಲಿ ಸಿಗುವ ಒಂದು ಪೊಟ್ಟಣದಲ್ಲಿ ಸಾಮಾನ್ಯವಾಗಿ 60,000 ಐ.ಯು. ಇರುತ್ತದೆ. ಎಂದರೆ ಒಂದೇ ಪೊಟ್ಟಣದಲ್ಲಿ ನೂರು ದಿನಗಳ ಅಗತ್ಯ ಅಡಗಿದೆ. ಕೊರತೆ ಖಚಿತವಾದವರಿಗೆ ವೈದ್ಯರು ಇದನ್ನು ವಾರಕ್ಕೊಂದರಂತೆ ಕೆಲವು ವಾರ ಮಾತ್ರ ಬರೆದುಕೊಡುತ್ತಾರೆ. ವಾರಕ್ಕೊಂದು ಎಂಬುದನ್ನು ದಿನಕ್ಕೊಂದು ಎಂದು ತಿಳಿದು ಸೇವಿಸಿದರೆ, ಸುರಕ್ಷತೆಯ ಮೇಲ್ಮಿತಿಯ ಹದಿನೈದು ಪಟ್ಟು ಪ್ರತಿದಿನ ಒಳಗೆ ಹೋಗುತ್ತದೆ. ವಿಟಮಿನ್ ಡಿ ಕೊಬ್ಬಿನಲ್ಲಿ ಕರಗುವಂಥದ್ದು. ಹೆಚ್ಚಾದರೆ ಮೂತ್ರದಲ್ಲಿ ಹರಿದುಹೋಗದೆ ಮೈಯಲ್ಲೇ ಉಳಿಯುತ್ತದೆ. ಆಗ ರಕ್ತದಲ್ಲಿ ಕ್ಯಾಲ್ಸಿಯಂ ಮಿತಿಮೀರಿ ಏರಿ ಓಕರಿಕೆ, ಹಸಿವಿಲ್ಲದಿರುವುದು, ಅತಿಯಾದ ಬಾಯಾರಿಕೆ, ಮೇಲಿಂದ ಮೇಲೆ ಮೂತ್ರ, ಮಲಬದ್ಧತೆ, ಮಂಕು ಕವಿಯುವುದು ಕಾಣಿಸಿಕೊಳ್ಳುತ್ತವೆ. ಮುಂದುವರಿದರೆ ಮೂತ್ರಪಿಂಡಕ್ಕೆ ಶಾಶ್ವತ ಹಾನಿಯಾಗಬಹುದು. ಮೂತ್ರಪಿಂಡದ ಕಲ್ಲು ಅಥವಾ ಬೇರೆ ಮೂತ್ರಪಿಂಡದ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಇದನ್ನು ಮುಟ್ಟಲೇಬಾರದು.

ಒಮ್ಮೆಗೇ ಭಾರೀ ಪ್ರಮಾಣ ತೆಗೆದುಕೊಂಡು ವರ್ಷವಿಡೀ ನಿಶ್ಚಿಂತರಾಗಿರುವ ಯೋಚನೆಯೂ ಸಲ್ಲದು. ಆಸ್ಟ್ರೇಲಿಯದಲ್ಲಿ 70 ವರ್ಷ ದಾಟಿದ 2,256 ಮಹಿಳೆಯರ ಪ್ರಯೋಗದಲ್ಲಿ ವರ್ಷಕ್ಕೊಮ್ಮೆ 5 ಲಕ್ಷ ಐ.ಯು. ಪಡೆದವರು, ಪಡೆಯದವರಿಗಿಂತ ಹೆಚ್ಚು ಬಾರಿ ಬಿದ್ದರು, ಹೆಚ್ಚು ಮೂಳೆ ಮುರಿದುಕೊಂಡರು. ಈ ಫಲಿತಾಂಶ 2010ರಲ್ಲಿ ಪ್ರಕಟವಾಯಿತು. ವೃದ್ಧರ ಫಲಿತಾಂಶವನ್ನು ಹಾಗೆಯೇ ತರುಣರಿಗೆ ಅನ್ವಯಿಸಲಾಗದು. ಹೆಚ್ಚು ಎಂದರೆ ಹೆಚ್ಚು ಒಳ್ಳೆಯದು ಎಂಬ ಲೆಕ್ಕ ತಪ್ಪೆಂಬುದಂತೂ ಇದರಿಂದ ಸ್ಪಷ್ಟ.

ಈ ಸಂದರ್ಭದಲ್ಲಿ ಆಯ್ದಕ್ಕಿ ಲಕ್ಕಮ್ಮನವರ ಪ್ರಸಂಗ ನಮಗೆ ನೆನಪಾಗುತ್ತದೆ. ಪತಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಆ ತಾಯಿ ಅದನ್ನು ಒಲೆಗೆ ಏರಿಸದೆ, ಹೆಚ್ಚಿನದನ್ನು ತಂದಲ್ಲಿಗೇ ಸುರಿದುಬರುವಂತೆ ಹೇಳಿ ಕಳುಹಿಸಿದರು. ಅಂದಿನ ಅಗತ್ಯಕ್ಕೆ ಮೀರಿದ್ದು ಅವರ ದೃಷ್ಟಿಯಲ್ಲಿ ಆಸೆ, ಪ್ರಸಾದವಲ್ಲ. ದೇಹದ ವಿಷಯದಲ್ಲೂ ಇದೇ ನೀತಿ. ಬೇಕಾದಷ್ಟು ಔಷಧ, ಬೇಕಿಲ್ಲದ್ದು ವಿಷ.

ಪ್ರಸಾದದಲ್ಲಿ ದೊರೆಯುವುದೆಷ್ಟು?

ಸಸ್ಯಾಹಾರದಲ್ಲಿ ವಿಟಮಿನ್ ಡಿ ಬಹಳ ಕಡಿಮೆ ಎಂಬುದನ್ನು ಮುಚ್ಚಿಡದೆ ಹೇಳಬೇಕು. ಕೊಬ್ಬಿರುವ ಮೀನು, ಮೊಟ್ಟೆಗಳಲ್ಲಿ ಇರುವಷ್ಟು ನಮ್ಮ ಅಡುಗೆಯಲ್ಲಿಲ್ಲ. ಬಿಸಿಲಿಗೆ ಒಡ್ಡಿದ ಅಣಬೆಯಲ್ಲಿ ಸ್ವಲ್ಪ ಉಂಟು. ಆದರೆ ಮಾಂಸಾಹಾರಿಗಳಿಗೂ ಆಹಾರವೊಂದರಿಂದಲೇ ಸಾಕಾಗುವುದು ವಿರಳ. ಬಿಸಿಲೇ ಎಲ್ಲರಿಗೂ ಮುಖ್ಯ ಮೂಲ. ಆದುದರಿಂದ ಸಸ್ಯಾಹಾರಿ ಆಟಗಾರ ಹುಟ್ಟಿನಿಂದಲೇ ಹಿಂದುಳಿದವನೆಂಬ ಕೀಳರಿಮೆ ಬೇಡ.

ಸಾರವರ್ಧಿತ ಹಾಲು, ಅಡುಗೆ ಎಣ್ಣೆಗಳು ನೆರವಾಗುತ್ತವೆ. ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಂತೆ ಇಂಥ ಒಂದು ಲೀಟರ್ ಹಾಲಿನಲ್ಲಿ 200ರಿಂದ 300 ಐ.ಯು. ವಿಟಮಿನ್ ಡಿ ಇರುತ್ತದೆ. ಪೊಟ್ಟಣದ ಮೇಲೆ ಕೂಡು ಚಿಹ್ನೆಯೊಂದಿಗೆ ‘ಎಫ್’ ಅಕ್ಷರವಿರುವ ನೀಲಿ ಗುರುತನ್ನು ನೋಡಿ ಕೊಳ್ಳಬಹುದು. ಅರ್ಧ ಲೀಟರ್ ಹಾಲು ದಿನದ ಅಗತ್ಯದ ಆರನೆಯ ಒಂದು ಭಾಗದಿಂದ ಕಾಲು ಭಾಗದವರೆಗೆ ಒದಗಿಸಿತು. ಉಳಿದದ್ದು ಬಿಸಿಲಿನಿಂದ ಬರಬೇಕು.

ಕ್ಯಾಲ್ಸಿಯಂ ವಿಷಯದಲ್ಲಿ ನಮ್ಮ ನಾಡು ಶ್ರೀಮಂತವಾಗಿದೆ. ವಯಸ್ಕರಿಗೆ ದಿನಕ್ಕೆ ಬೇಕಾದದ್ದು 1,000 ಮಿ.ಗ್ರಾಂ. ನೂರು ಗ್ರಾಂ ರಾಗಿಯಲ್ಲಿ ಸುಮಾರು 364 ಮಿ.ಗ್ರಾಂ, ಅರ್ಧ ಲೀಟರ್ ಹಾಲು ಅಥವಾ ಮೊಸರಿನಲ್ಲಿ ಸುಮಾರು 600 ಮಿ.ಗ್ರಾಂ ಇದೆ. ಎರಡೂ ಸೇರಿದರೆ ದಿನದ ಲೆಕ್ಕ ಹತ್ತಿರ ಹತ್ತಿರ ಮುಗಿಯಿತು. ಉತ್ತರ ಕರ್ನಾಟಕದ ಮಕ್ಕಳು ಜೋಳದ ರೊಟ್ಟಿಯನ್ನು ಉಣ್ಣುವವರು. ಜೋಳದಲ್ಲಿ ಸುಣ್ಣದ ಅಂಶ ಕಡಿಮೆ. ಅವರು ಎಳ್ಳಿನ ಚಟ್ನಿ, ಮೊಸರು, ಸೊಪ್ಪುಗಳನ್ನು ಜೊತೆಗೆ ಧಾರಾಳವಾಗಿ ಬಳಸಬೇಕು. ವಾರದಲ್ಲಿ ಕೆಲವು ದಿನ ರಾಗಿ ಅಂಬಲಿ ಸೇರಿದರೆ ಇನ್ನೂ ಒಳಿತು.

ಗುಳಿಗೆಯ ಮೂಲದ ಕುರಿತ ಸಂದೇಹ

ವೈದ್ಯರು ಬರೆದುಕೊಟ್ಟ ಗುಳಿಗೆ ಸಸ್ಯಾಹಾರಿಯೇ ಎಂದು ಭಕ್ತರು ಕೇಳುವುದು ನ್ಯಾಯವೇ. ವಿಟಮಿನ್ ಡಿಯಲ್ಲಿ ಎರಡು ಬಗೆಯುಂಟು. ಡಿ-2 ಎಂಬುದು ಅಣಬೆ, ಯೀಸ್ಟ್‌ಗಳಂಥ ಶಿಲೀಂಧ್ರ ಮೂಲದ್ದು. ಡಿ-3 ಅನ್ನು ಹೆಚ್ಚಾಗಿ ಕುರಿಯ ಉಣ್ಣೆಯಲ್ಲಿರುವ ಜಿಡ್ಡಿನಿಂದ ತಯಾರಿಸುತ್ತಾರೆ. ಕತ್ತರಿಸಿದ ಉಣ್ಣೆಯನ್ನು ತೊಳೆದಾಗ ದೊರೆಯುವ ಜಿಡ್ಡು ಅದು, ಅದಕ್ಕಾಗಿ ಪ್ರಾಣಿಯನ್ನು ಕೊಲ್ಲಬೇಕಿಲ್ಲ. ಕಲ್ಲುಹೂವಿನ ಜಾತಿಯ ಸಸ್ಯದಂಥ ಜೀವಿಗಳಿಂದ ತೆಗೆದ ಡಿ-3 ಸಹ ಈಗ ದೊರೆಯುತ್ತದೆ. ಹೆಚ್ಚಿನ ಎಚ್ಚರ ಬೇಕಾದದ್ದು ಮೆದುವಾದ ಕ್ಯಾಪ್ಸೂಲ್‌ಗಳ ಹೊದಿಕೆಯ ವಿಷಯದಲ್ಲಿ. ಅದನ್ನು ಬಹುಮಟ್ಟಿಗೆ ಪ್ರಾಣಿಗಳ ಮೂಳೆ, ಚರ್ಮಗಳಿಂದ ತೆಗೆದ ಜೆಲಟಿನ್‌ನಿಂದ ಮಾಡುತ್ತಾರೆ. ಸಂಕೋಚವಿಲ್ಲದೆ ವೈದ್ಯರಿಗೆ ತಿಳಿಸಿದರೆ ಪುಡಿಯ ಅಥವಾ ಮಾತ್ರೆಯ ರೂಪದಲ್ಲಿ ಬರೆದುಕೊಡಬಲ್ಲರು. ಈ ಸಂದೇಹದ ಕಾರಣದಿಂದ ಚಿಕಿತ್ಸೆಯನ್ನೇ ಬಿಡುವುದು ಬೇಡ. ಹಾಲಿನೊಂದಿಗೆ ಅಥವಾ ತುಪ್ಪ, ಎಣ್ಣೆಯಿರುವ ಊಟದ ಬಳಿಕ ತೆಗೆದುಕೊಂಡರೆ ಅದು ಚೆನ್ನಾಗಿ ಮೈಗೆ ಹತ್ತುತ್ತದೆ.

ಬಲವರ್ಧಕವೆಂದು ಮಾರುವ ಡಬ್ಬಿಗಳ ಕುರಿತೂ ಒಂದು ಮಾತು. ವಿಟಮಿನ್ ಡಿ ನಿಷೇಧಿತ ವಸ್ತುವಲ್ಲ. ಆದರೆ ಹೆಸರಿಲ್ಲದ ಪುಡಿಗಳಲ್ಲಿ ನಿಷೇಧಿತ ಮದ್ದು ಬೆರೆತಿರುವ ಸಂಭವವುಂಟು. ಉದ್ದೀಪನ ಮದ್ದಿನ ಪರೀಕ್ಷೆಯ ನಿಯಮದಂತೆ ತನ್ನ ಮೈಯಲ್ಲಿ ಸಿಕ್ಕ ವಸ್ತುವಿಗೆ ಆಟಗಾರನೇ ಹೊಣೆ. ತಿಳಿಯದೆ ಸೇವಿಸಿದೆ ಎಂಬುದರಿಂದ ಹೊಣೆ ತಪ್ಪುವುದಿಲ್ಲ. ಸಾಲ ಮಾಡಿ ಡಬ್ಬಿ ಕೊಡಿಸುವ ಪಾಲಕರು ಆ ಹಣದಲ್ಲಿ ಹಾಲು, ಬೇಳೆ, ಶೇಂಗಾ, ಹಣ್ಣು ಕೊಡಿಸಿದರೆ ಮಗುವಿಗೆ ಹೆಚ್ಚು ಉಪಕಾರವಾದೀತು.

ಎಲ್ಲ ದಣಿವಿಗೂ ಇದೊಂದೇ ಕಾರಣವಲ್ಲ

ಸುಸ್ತು ಎಂದ ಕೂಡಲೇ ವಿಟಮಿನ್ ಡಿ ಎನ್ನುವುದು ಇಂದಿನ ರೂಢಿಯಾಗಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನ ಪ್ರಕಾರ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆಯಿದೆ. ದಣಿಯುವ ಹುಡುಗಿಗೆ ಬೇಕಾದದ್ದು ಕಬ್ಬಿಣದ ಅಂಶವಿರಬಹುದು, ನಿದ್ರೆಯಿರಬಹುದು, ಇನ್ನೊಂದು ತುತ್ತು ಊಟವೇ ಇರಬಹುದು. ತೂಕ ಇಳಿಸಲೆಂದು ಊಟ ಬಿಟ್ಟು ಓಡುವ ಹೆಣ್ಣುಮಕ್ಕಳಲ್ಲಿ ಮಾಸಿಕ ಋತುಸ್ರಾವ ನಿಲ್ಲುವುದುಂಟು. ಇದನ್ನು ಅನುಕೂಲವೆಂದು ಭಾವಿಸಿ ಸುಮ್ಮನಿರುವವರಿದ್ದಾರೆ. ಹಾಗೆ ಮೂರು ತಿಂಗಳು ನಿಂತರೆ ಅದು ಮೂಳೆ ಸವೆಯುತ್ತಿರುವುದರ ಎಚ್ಚರಿಕೆಯಾಗಿರಬಹುದು. ವಿಟಮಿನ್ ಡಿ ಪುಡಿ ಅದನ್ನು ಸರಿಪಡಿಸಲಾರದು. ಬಸವಾದಿ ಶರಣರು ಹೆಣ್ಣಿನ ದೇಹದ ಸಹಜ ಧರ್ಮವನ್ನು ಸೂತಕವೆಂದು ಎಣಿಸಲಿಲ್ಲ. ಆ ಪರಂಪರೆಯ ಮನೆಗಳಲ್ಲಿ ಮಗಳು ತಾಯಿಯೊಡನೆ, ವೈದ್ಯರೊಡನೆ ಈ ಮಾತನ್ನು ಆಡಲು ನಾಚಬೇಕಾದ ಪರಿಸ್ಥಿತಿ ಇರಬಾರದು.

ಹಾಗೆಯೇ ಮುಂಗಾಲಿನಲ್ಲಿ ಅಥವಾ ಪಾದದಲ್ಲಿ ಒಂದೇ ಬಿಂದುವಿನಲ್ಲಿ ನೋವಿದ್ದು, ಓಡಿದಾಗ ಹೆಚ್ಚಾಗಿ, ವಿಶ್ರಾಂತಿಯಲ್ಲಿ ಕಡಿಮೆಯಾಗುತ್ತಿದ್ದರೆ ಅದನ್ನು ಎಣ್ಣೆ ತಿಕ್ಕಿ ಮರೆಯಬಾರದು. ಆರಂಭದಲ್ಲಿ ಎಕ್ಸ್-ರೇಯಲ್ಲಿ ಬಿರುಕು ಕಾಣದೆಯೂ ಇರಬಹುದು. ಓಟ ನಿಲ್ಲಿಸಿ ಮೂಳೆವೈದ್ಯರನ್ನು ಕಾಣುವುದೇ ಸರಿ. ಈ ಋತುವಿನ ಒಂದು ಪಂದ್ಯ ತಪ್ಪಿದರೆ ಮುಂದಿನ ವರ್ಷ ಆಡಬಹುದು. ಬಿರುಕು ಮುರಿತವಾದರೆ ಆಟವೇ ಕೈತಪ್ಪಬಹುದು.

ನಮ್ಮ ವಿನಂತಿ

ಕಾಲೇಜುಗಳ ದೈಹಿಕ ಶಿಕ್ಷಣ ನಿರ್ದೇಶಕರಲ್ಲಿ, ಪ್ರಸಾದನಿಲಯಗಳ ಪಾಲಕರಲ್ಲಿ, ಮನೆಯ ಹಿರಿಯರಲ್ಲಿ ನಮ್ಮ ವಿನಂತಿ ಇಷ್ಟೇ. ಒಳಾಂಗಣದಲ್ಲಿ ಆಡುವ ಮಕ್ಕಳಿಗೆ ವಾರದಲ್ಲಿ ಕೆಲವು ದಿನವಾದರೂ ಹೊತ್ತೇರಿದ ಬಿಸಿಲಿನಲ್ಲಿ ಸ್ವಲ್ಪ ಹೊತ್ತು ಅಂಗಸಾಧನೆ ಮಾಡಲು ಅವಕಾಶ ಕಲ್ಪಿಸಿರಿ. ಹೆಣ್ಣುಮಕ್ಕಳಿಗೆ ಪರರ ದೃಷ್ಟಿಯ ಅಂಜಿಕೆಯಿಲ್ಲದೆ ಬಿಸಿಲು ಕಾಯಲು ವಸತಿನಿಲಯದ ತಾರಸಿಯನ್ನೋ ಒಳ ಅಂಗಳವನ್ನೋ ಬಿಟ್ಟುಕೊಡಿರಿ. ದಾಸೋಹದ ಅಡುಗೆಯಲ್ಲಿ ರಾಗಿ, ಮೊಸರು, ಎಳ್ಳುಗಳಿಗೆ ಸ್ಥಾನ ಕೊಡಿರಿ. ಚೀಟಿಯಿಲ್ಲದೆ ಪೊಟ್ಟಣ ಕೊಳ್ಳಬೇಡಿರಿ. ಚೀಟಿಯಿದ್ದರೆ ಅದರಲ್ಲಿ ವಾರಕ್ಕೆ ಎಂದಿದೆಯೋ ದಿನಕ್ಕೆ ಎಂದಿದೆಯೋ ಎಂಬುದನ್ನು ಎರಡು ಬಾರಿ ಓದಿಕೊಳ್ಳಿರಿ. ಕಿರಿಯರು ನೋವೆಂದಾಗ ನೆಪವೆಂದು ಗದರದೆ ಕಿವಿಗೊಡಿರಿ.

ವಿದ್ಯಾರ್ಥಿಗೆ ವಿದ್ಯೆ ಹೇಗೋ ಕ್ರೀಡಾಪಟುವಿಗೆ ಸಾಧನೆಯೂ ಹಾಗೆ ಒಂದು ಕಾಯಕ. ಆ ಕಾಯಕ ಸತ್ಯಶುದ್ಧವಾಗಿರಬೇಕಾದರೆ ಅದಕ್ಕೆ ಆಧಾರವಾದ ಕಾಯವೂ ಮಿತಾಹಾರದಿಂದ, ಬಿಸಿಲು ಗಾಳಿಗಳಿಂದ, ಅಗತ್ಯವಿದ್ದಷ್ಟೇ ಔಷಧದಿಂದ ಪೋಷಣೆ ಪಡೆಯಬೇಕು. ನಮ್ಮ ಮಕ್ಕಳು ಗೆದ್ದು ಬರಲಿ. ಗೆಲ್ಲದಿದ್ದರೂ ಗಟ್ಟಿಯಾದ ಮೂಳೆಗಳೊಂದಿಗೆ ಮನೆಗೆ ಮರಳಲಿ ಎಂಬುದು ನಮ್ಮೆಲ್ಲರ ಹಾರೈಕೆ.